ಮನೆ ಪಟ್ಟಿಯನ್ನು ಊರ ಮುಂದೆ ಓದಿ

ಹೆಬ್ಬೂರು ಹೋಬಳಿಯ ಗ್ರಾಮ ಪಂಚಾಯಿತಿಗಳಿಗೆ ಆಯ್ಕೆಯಾಗಿ ಬರಲಿರುವ ಸದಸ್ಯರಿಗೆ, ನಿಮ್ಮಲ್ಲಿ ಅಧ್ಯಕ್ಷ ಸ್ಥಾನಕ್ಕೆ ಕೂರುವ ಅಕ್ಕಂದಿರಿಗೆ, ಅಣ್ಣಂದಿರಿಗೆ,



2020ರ ಡಿಸೆಂಬರ್‌ನಲ್ಲಿ ಸಾಲಿನಲ್ಲಿ ನಿಂತು ಮತ ಹಾಕಿ ನಾವು ಕಳಿಸಿದ ಪಂಚಾಯಿತಿಗಳ ಐದು ವರ್ಷ ತೀರಿತು. ಮುಂದಿನ ಸರದಿ ನಿಮ್ಮದು. ಯಾವ ವಾರ್ಡು ಯಾವ ಮೀಸಲಿಗೆ ಹೋಗುತ್ತದೆ, ಯಾರು ನಿಲ್ಲುತ್ತಾರೆ, ಯಾರ ಹಿಂದೆ ಯಾರಿದ್ದಾರೆ ಎಂಬ ಮಾತು ಹಾಲಿನ ಡೇರಿ ಮುಂದೆ, ಟೀ ಅಂಗಡಿಯಲ್ಲಿ ನಡೆಯುತ್ತಲೇ ಇರುತ್ತದೆ. ಈ ಕಾಗದಕ್ಕೂ ಆ ಮಾತಿಗೂ ಸಂಬಂಧವಿಲ್ಲ. ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ, ನನಗೂ ನಿಮ್ಮ ಪಕ್ಷ ಯಾವುದೆಂದು ಕೇಳಬೇಕಾಗಿಲ್ಲ. ಗೆದ್ದು, ಅಧ್ಯಕ್ಷರಾಗಿ ಕೂತ ಮೇಲೆ ಮೊದಲ ಕೆಲವು ತಿಂಗಳಲ್ಲಿ ನಿಮ್ಮ ಕೈಗೆ ಬರುವ ಒಂದು ಕೆಲಸದ ಬಗ್ಗೆ ಮಾತ್ರ ಬರೆಯುತ್ತಿದ್ದೇನೆ. ಅದು ಮನೆ ಹಂಚಿಕೆ.

ಹೊಸ ಅಧ್ಯಕ್ಷರ ಆಡಳಿತ ಹೇಗೆ ಎಂದು ನಮ್ಮ ಜನ ಮೊದಲು ಅಳೆಯುವುದು ಇದರಲ್ಲೇ. ಚರಂಡಿ ಬಂದರೆ ಇಡೀ ಬೀದಿಗೆ ಬರುತ್ತದೆ, ಬೋರ್‌ವೆಲ್ ಕೊರೆಸಿದರೆ ನೀರು ಎಲ್ಲರ ನಲ್ಲಿಗೂ ಹೋಗುತ್ತದೆ. ಮನೆ ಹಾಗಲ್ಲ. ಒಂದು ಬಾಗಿಲಿಗೆ ಬಂದು ಪಕ್ಕದ ಬಾಗಿಲಿಗೆ ಬರದೆ ಹೋಗುತ್ತದೆ. ಯಾಕೆ ಬಂತು, ಯಾಕೆ ಬರಲಿಲ್ಲ ಎಂದು ಎರಡೂ ಮನೆಯವರು ದಿನವೂ ಯೋಚಿಸುತ್ತಾರೆ. ಕಾರಣ ಯಾರೂ ಹೇಳದೆ ಇದ್ದಾಗ ಅವರಷ್ಟಕ್ಕೆ ಅವರೇ ಒಂದು ಕಾರಣ ಕಂಡುಕೊಳ್ಳುತ್ತಾರೆ: ಜಾತಿ, ಓಟು, ದುಡ್ಡು. ಆ ಲೆಕ್ಕ ಎಷ್ಟೋ ಸಲ ನಿಜವೂ ಆಗಿರುತ್ತದೆ.

ನಿಮ್ಮಲ್ಲಿ ಕೆಲವರು ಹೊಸಬರು. ಹಾಗಾಗಿ ಈ ಮನೆ ಎಂಬುದು ಎಷ್ಟರ ಮನೆ ಎಂಬುದರಿಂದಲೇ ಶುರುಮಾಡುತ್ತೇನೆ. ಬಸವ ವಸತಿ ಯೋಜನೆಯಲ್ಲಿ ಸಾಮಾನ್ಯ ವರ್ಗದ ಫಲಾನುಭವಿಗೆ ಬಹಳ ಕಾಲದಿಂದ ಸಿಗುತ್ತಾ ಬಂದಿರುವುದು 1.20 ಲಕ್ಷ ರೂಪಾಯಿ. ಅಂಬೇಡ್ಕರ್ ನಿವಾಸ್ ಯೋಜನೆಯಲ್ಲಿ ಪರಿಶಿಷ್ಟರಿಗೆ ಹಳ್ಳಿಗಳಲ್ಲಿ 1.75 ಲಕ್ಷ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆ 2016ರಲ್ಲಿ ಬಂತು. ಅದರಲ್ಲೂ ಬಯಲುಸೀಮೆಗೆ 1.20 ಲಕ್ಷವೇ, ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು. ಸಿಮೆಂಟು, ಕಂಬಿ, ಜಲ್ಲಿ, ಎಂ ಸ್ಯಾಂಡ್, ಗಾರೆಯವರ ಕೂಲಿ ಎಲ್ಲವೂ ಏರಿರುವ ಈ ದಿನಗಳಲ್ಲಿ ಆ ದುಡ್ಡಿಗೆ ಮನೆ ಮುಗಿಯುವುದಿಲ್ಲ ಎಂಬುದು ತಳಪಾಯ ಅಗೆಸಿದ ಯಾರಿಗಾದರೂ ಗೊತ್ತು. ಉಳಿದದ್ದಕ್ಕೆ ಸಂಘದ ಸಾಲ, ಒಡವೆ ಅಡವು, ಮೈಕ್ರೋ ಫೈನಾನ್ಸು.

ಈ ದುಡ್ಡು ಒಟ್ಟಿಗೆ ಕೈಗೆ ಬರುವುದಿಲ್ಲ. ರಾಜ್ಯದ ಯೋಜನೆಯಲ್ಲಿ ತಳಪಾಯ, ಲಿಂಟಲ್, ಚಾವಣಿ, ಪೂರ್ಣ ಎಂದು ನಾಲ್ಕು ಹಂತ. ಒಂದೊಂದು ಹಂತ ಮುಗಿದಾಗಲೂ ಪಂಚಾಯಿತಿಯವರು ಬಂದು ಮೊಬೈಲಿನಲ್ಲಿ ಜಿಪಿಎಸ್ ಫೋಟೊ ಹೊಡೆಯಬೇಕು, ಅದು ಬೆಂಗಳೂರಿನ ರಾಜೀವ್ ಗಾಂಧಿ ವಸತಿ ನಿಗಮಕ್ಕೆ ಹೋಗಬೇಕು, ಅಲ್ಲಿ ಒಪ್ಪಿಗೆಯಾಗಿ ಕಂತು ಖಾತೆಗೆ ಬೀಳಬೇಕು. ತಳಪಾಯಕ್ಕೆ ಮೊದಲು ಕೈಯಿಂದಲೇ ಹಾಕಬೇಕು. ಅಂದರೆ ಕೈಯಲ್ಲಿ ಒಂದಿಷ್ಟು ಕಾಸಿದ್ದವರು ಮಾತ್ರ ಸರ್ಕಾರದ ಮನೆಯನ್ನು ಹೊತ್ತಿಗೆ ಸರಿಯಾಗಿ ಶುರುಮಾಡಬಲ್ಲರು. ತೀರಾ ಬಡವರಿಗೆ ಮಂಜೂರಾತಿ ಪತ್ರ ಬಂದರೂ ಮನೆ ಏಳುವುದಿಲ್ಲ. ಗಡುವಿನೊಳಗೆ ಕೆಲಸ ತೋರಿಸದಿದ್ದರೆ ಮನೆ ಬ್ಲಾಕ್ ಆಗುತ್ತದೆ. ಬ್ಲಾಕ್ ತೆಗೆಸಲು ಮತ್ತೆ ಅಲೆದಾಟ.

ಇದರ ಫಲ ಕಣ್ಣಿಗೆ ಬೀಳಬೇಕಾದರೆ ನಮ್ಮ ಹೋಬಳಿಯ ಯಾವುದಾದರೂ ಕಾಲೊನಿಯ ಹಿಂದಿನ ಸಾಲಿಗೆ ಹೋಗಿ ನೋಡಿ. ಲಿಂಟಲ್ ಮಟ್ಟಕ್ಕೆ ಬಂದು ನಿಂತ ಗೋಡೆ. ಸಿಮೆಂಟ್ ಇಟ್ಟಿಗೆಗೆ ಮಳೆ ಬಿದ್ದು ಪಾಚಿ ಹತ್ತಿದೆ. ಮೂಲೆಯಲ್ಲಿ ಮೇಲಕ್ಕೆ ಚಾಚಿದ ಕಂಬಿಗಳು ತುಕ್ಕು ಹಿಡಿದಿವೆ, ಮಕ್ಕಳಿಗೆ ತಾಗದಿರಲೆಂದು ಒಂದರ ತುದಿಗೆ ಪ್ಲಾಸ್ಟಿಕ್ ಬಾಟಲಿ ಸಿಕ್ಕಿಸಿದ್ದಾರೆ. ಬಾಗಿಲಾಗಬೇಕಿದ್ದ ಜಾಗದಲ್ಲಿ ಹಸು ಕಟ್ಟಿದ್ದಾರೆ. ಪಕ್ಕದಲ್ಲೇ ಶೀಟು, ತೆಂಗಿನ ಗರಿ, ಹಳೆಯ ಫ್ಲೆಕ್ಸು ಸೇರಿಸಿ ಕಟ್ಟಿದ ಗುಡಿಸಲು. ಆ ಫ್ಲೆಕ್ಸಿನಲ್ಲಿ ಯಾರದೋ ಹುಟ್ಟುಹಬ್ಬದ ಶುಭಾಶಯ ಇನ್ನೂ ಓದಬಹುದು. ‘ಬಿಲ್ಲಾಗ್ಲಿಲ್ಲ ಸಾ, ಎರಡ್ನೇದು ಬರ್ಲೇ ಇಲ್ಲ’ ಎಂದು ಆ ಮನೆಯ ತಾಯಿ ಹೇಳುತ್ತಾಳೆ. ಯಾಕೆ ಬರಲಿಲ್ಲ ಎಂದು ಕೇಳಿದರೆ ಅವಳಿಗೆ ಗೊತ್ತಿಲ್ಲ. ಫೋಟೊ ಹೋಗಿಲ್ಲವೋ, ಬ್ಯಾಂಕಿನಲ್ಲಿ ಆಧಾರ್ ಜೋಡಣೆ ತಪ್ಪಿದೆಯೋ, ನಿಗಮದಲ್ಲಿ ಅನುದಾನವೇ ಇಲ್ಲವೋ, ಅದನ್ನು ಅವಳಿಗೆ ಕೂತು ಹೇಳಿದವರೇ ಇಲ್ಲ. ಸರ್ಕಾರ ಬದಲಾದಾಗಲೂ ಏಟು ಬೀಳುವುದು ಇಂಥ ಗೋಡೆಗಳಿಗೇ. 2019ರಲ್ಲಿ ಹೊಸ ಸರ್ಕಾರ ಬಂದ ಮೇಲೆ ಪರಿಶೀಲನೆಯ ಹೆಸರಿನಲ್ಲಿ ರಾಜ್ಯದಾದ್ಯಂತ ಕಂತುಗಳು ತಿಂಗಳುಗಟ್ಟಲೆ ನಿಂತವು. ಅಕ್ರಮ ತಡೆಯಬೇಕಾದದ್ದು ಸರಿಯೇ. ಆದರೆ ಅಕ್ರಮ ಮಾಡದವರ ಗೋಡೆಗಳೂ ಅವುಗಳ ಜೊತೆಯಲ್ಲೇ ಎರಡು ಮಳೆಗಾಲ ನೆನೆದವು.

ಆದ್ದರಿಂದ ನನ್ನ ಮೊದಲ ಕೋರಿಕೆ ಇದು. ಅಧ್ಯಕ್ಷರಾದ ದಿನ ಹೊಸ ಪಟ್ಟಿ ಬರೆಯಲು ಕೂರಬೇಡಿ. ನಿಮ್ಮ ಪಂಚಾಯಿತಿಯಲ್ಲಿ ಅರ್ಧಕ್ಕೆ ನಿಂತ ಮನೆಗಳನ್ನು ಮೊದಲು ಎಣಿಸಿ. ಪಿಡಿಒ, ಬಿಲ್ ಕಲೆಕ್ಟರ್, ವಾರ್ಡಿನ ಸದಸ್ಯರು ಒಟ್ಟಾಗಿ ಒಂದೊಂದು ಮನೆಯ ಮುಂದೆಯೂ ನಿಂತು, ಯಾವ ಯೋಜನೆ, ಯಾವ ಸಾಲು, ಎಷ್ಟನೇ ಕಂತು, ಎಲ್ಲಿ ಸಿಕ್ಕಿಕೊಂಡಿದೆ ಎಂದು ಬರೆದುಕೊಳ್ಳಲಿ. ಇದು ಕಷ್ಟದ ಕೆಲಸವಲ್ಲ. ಆದರೆ ಮುಗಿದ ಮನೆಯ ಮುಂದೆ ನಿಮ್ಮ ಹೆಸರು ಇರುವುದಿಲ್ಲ, ಅದನ್ನು ಕೊಟ್ಟವರು ಹಿಂದಿನ ಅಧ್ಯಕ್ಷರು ಎಂದೇ ಜನ ಹೇಳಬಹುದು. ಯಾವ ಅಧ್ಯಕ್ಷರೂ ಈ ಕೆಲಸಕ್ಕೆ ಕೈಹಾಕದೆ ಇರುವುದು ಈ ಕಾರಣಕ್ಕೇ ಎಂದು ನನಗೆ ಅನ್ನಿಸುತ್ತದೆ.

ಇದರ ಜೊತೆಗೆ ಇನ್ನೊಂದು ದುಡ್ಡಿತ್ತು. ಮನೆ ಕಟ್ಟುವ ಬಡವರಿಗೆ ಉದ್ಯೋಗ ಖಾತರಿಯಲ್ಲಿ 90 ಮಾನವ ದಿನಗಳ ಕೂಲಿ ಪಡೆಯುವ ಅವಕಾಶ ಕೊಟ್ಟಿದ್ದರು. 2025-26ರಲ್ಲಿ ಕರ್ನಾಟಕದ ದರ ದಿನಕ್ಕೆ 370 ರೂಪಾಯಿ, ಒಟ್ಟು 33,300. ತನ್ನ ಮನೆಗೆ ತಾನೇ ಮಣ್ಣು ಹೊತ್ತ ಹೆಂಗಸಿಗೆ ಅದು ಚಾವಣಿಯ ಕಂಬಿಯ ದುಡ್ಡು. ಜಾಬ್ ಕಾರ್ಡ್ ಇದ್ದರೂ, ಎನ್‌ಎಂಆರ್ (ಕೂಲಿಯ ಹಾಜರಿ ಪಟ್ಟಿ) ತೆಗೆಸಿಕೊಡುವವರಿಲ್ಲದೆ ಎಷ್ಟೋ ಮನೆಯವರು ಆ ಕೂಲಿಯನ್ನು ಕಳೆದುಕೊಂಡರು. ಯೋಜನೆಗಳ ಹೆಸರು ಬದಲಾಗುತ್ತವೆ, ನಿಯಮ ಬದಲಾಗುತ್ತವೆ. ಬರಬೇಕಾದದ್ದು ಏನೇನು ಎಂದು ಹುಡುಕಿ ಕೊಡಿಸುವ ಅಧ್ಯಕ್ಷರು ಬೇಕು.

ಈಗ ಪಟ್ಟಿಯ ವಿಷಯ. ಕರ್ನಾಟಕದ ಪಂಚಾಯತ್ ರಾಜ್ ಕಾನೂನು 1993ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಅದರ ಪ್ರಕಾರ ಫಲಾನುಭವಿಗಳನ್ನು ಗುರುತಿಸುವ ಕೆಲಸ ಶುರುವಾಗಬೇಕಾದದ್ದು ವಾರ್ಡ್ ಸಭೆಯಲ್ಲಿ. ಅಲ್ಲಿಂದ ಅದು ಗ್ರಾಮಸಭೆಗೆ ಬರಬೇಕು. ವಾರ್ಡ್ ಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು, ಆ ವಾರ್ಡಿನ ಸದಸ್ಯರೇ ನಡೆಸಬೇಕು, ಬಂದವರಲ್ಲಿ ನೂರಕ್ಕೆ ಮೂವತ್ತರಷ್ಟಾದರೂ ಹೆಂಗಸರಿರಬೇಕು. ಕಾನೂನು ಬರೆದವರು ಚೆನ್ನಾಗಿಯೇ ಬರೆದಿದ್ದಾರೆ. ಸುಮಾರು 400 ಜನಕ್ಕೆ ಒಬ್ಬ ಸದಸ್ಯರು ಎಂದು ಇಟ್ಟಿರುವುದೂ ಅದಕ್ಕೇ. ನಾನೂರು ಜನರಲ್ಲಿ ಯಾರ ಮನೆಯ ತೊಲೆ ಮುರಿದಿದೆ, ಯಾರ ಮನೆಯಲ್ಲಿ ಮೂರು ಸಂಸಾರ ಒಂದೇ ಪಡಸಾಲೆಯಲ್ಲಿ ಮಲಗುತ್ತವೆ ಎಂದು ಊರಿನವರಿಗೆ ಗೊತ್ತೇ ಇರುತ್ತದೆ.

ನಡೆಯುವುದು ಬೇರೆ. ಪಟ್ಟಿ ಮೊದಲು ಯಾರದೋ ಮನೆಯ ಜಗಲಿಯಲ್ಲಿ ತಯಾರಾಗುತ್ತದೆ. ಒಬ್ಬೊಬ್ಬ ಸದಸ್ಯರಿಗೆ ಇಷ್ಟಿಷ್ಟು ಎಂದು ಮನೆಗಳನ್ನು ಪಾಲು ಹಾಕಿಕೊಳ್ಳುತ್ತಾರೆ. ಒಂದು ವಾರ್ಡಿನಲ್ಲಿ ಹತ್ತು ಗುಡಿಸಲಿದ್ದರೂ, ಇನ್ನೊಂದರಲ್ಲಿ ಒಂದೂ ಇಲ್ಲದಿದ್ದರೂ ಪಾಲು ಸಮ. ಆಮೇಲೆ ವಾಟರ್‌ಮ್ಯಾನ್ ಕೈಲಿ ಪುಸ್ತಕ ಕೊಟ್ಟು ಮನೆಮನೆಗೆ ಕಳಿಸಿ ಸಹಿ, ಹೆಬ್ಬೆಟ್ಟು ಹಾಕಿಸಿಕೊಂಡರೆ ಸಭೆ ನಡೆದಂತೆ. ಸಹಿ ಹಾಕಿದವರಿಗೆ ಯಾವುದಕ್ಕೆ ಹಾಕಿದೆವು ಎಂಬುದೂ ತಿಳಿದಿರುವುದಿಲ್ಲ. ಎಲ್ಲ ಪಂಚಾಯಿತಿಗಳೂ ಹೀಗೆ ಎಂದು ನಾನು ಹೇಳುವುದಿಲ್ಲ. ಆದರೆ ಇದನ್ನು ಓದುವ ನಿಮಗೆ ಇದು ಹೊಸ ಸುದ್ದಿಯೂ ಅಲ್ಲ.

ಇದಕ್ಕೆ ಇನ್ನೊಂದು ಗಂಟು ಸೇರಿದೆ. ಅಧ್ಯಕ್ಷರ ಅವಧಿ ಹಿಂದೆಲ್ಲ 30 ತಿಂಗಳಿತ್ತು, 2015ರಲ್ಲಿ ಐದು ವರ್ಷ ಮಾಡಿದರು, 2020ರ ತಿದ್ದುಪಡಿಯಲ್ಲಿ ಮತ್ತೆ 30 ತಿಂಗಳಿಗೆ ತಂದರು. ಆ 30 ತಿಂಗಳನ್ನೂ ಹತ್ತು ಹತ್ತು ತಿಂಗಳು ಎಂದು ಮೂವರು ಹಂಚಿಕೊಳ್ಳುವ ಒಪ್ಪಂದ ಎಷ್ಟೋ ಕಡೆ ನಡೆಯುತ್ತದೆ. ದೇವಸ್ಥಾನದಲ್ಲಿ ಆಣೆ, ಪ್ರವಾಸ, ಮತ್ತೆ ಬಂದು ಮತದಾನ. ಹತ್ತು ತಿಂಗಳ ಅಧ್ಯಕ್ಷರಿಗೆ ಕಡತ ತಿಳಿಯುವುದರೊಳಗೆ ರಾಜೀನಾಮೆಯ ದಿನ ಬರುತ್ತದೆ. ಒಂದು ಮನೆ ತಳಪಾಯದಿಂದ ಪೂರ್ಣದವರೆಗೆ ಬರಲು ಅದಕ್ಕಿಂತ ಹೆಚ್ಚು ಕಾಲ ಬೇಕು. ಹೀಗಾಗಿ ಮನೆ ಶುರುಮಾಡಿಸಿದ ಅಧ್ಯಕ್ಷರು ಒಬ್ಬರು, ಕಂತಿಗೆ ಉತ್ತರ ಕೊಡಬೇಕಾದವರು ಇನ್ನೊಬ್ಬರು, ಬೈಗುಳ ತಿನ್ನುವವರು ಮೂರನೆಯವರು. ಗೆಲ್ಲಲು, ಬಹುಮತ ಕೂಡಿಸಲು ಖರ್ಚಾದದ್ದನ್ನು ಹತ್ತೇ ತಿಂಗಳಲ್ಲಿ ಎತ್ತಬೇಕೆಂಬ ಆಸೆ ಎಲ್ಲಿ ಹೋಗಿ ಮುಟ್ಟುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ದಯಮಾಡಿ ಆ ಒಪ್ಪಂದಕ್ಕೆ ಹೋಗಬೇಡಿ. ಯೋಗ್ಯರು ಅನ್ನಿಸಿದವರನ್ನು ಪೂರ್ತಿ 30 ತಿಂಗಳಿಗೆ ಕೂರಿಸಿ, ಅವರಿಂದ ಪೂರ್ತಿ ಲೆಕ್ಕ ಕೇಳಿ.

ಅಧ್ಯಕ್ಷರಾಗುವ ಅಕ್ಕಂದಿರಿಗೆ ಇಲ್ಲಿ ಬೇರೆಯಾಗಿ ಎರಡು ಮಾತು. ಪಂಚಾಯಿತಿಯಲ್ಲಿ ಅರ್ಧ ಸ್ಥಾನ ಹೆಂಗಸರಿಗೆ ಎಂದು ನಮ್ಮ ರಾಜ್ಯದಲ್ಲಿ ಕಾನೂನಾದದ್ದು 2010ರಲ್ಲಿ. ಸರ್ಕಾರದ ಮನೆಯನ್ನು ಹೆಚ್ಚಾಗಿ ಹೆಂಗಸಿನ ಹೆಸರಿಗೇ ಮಂಜೂರು ಮಾಡುತ್ತಾರೆ. ಕೊಡುವ ಕುರ್ಚಿಯಲ್ಲಿ ಹೆಂಗಸು, ಪಡೆಯುವ ಪತ್ರದಲ್ಲಿ ಹೆಂಗಸು. ಆದರೂ ಮನೆಯ ಮಾತೆಲ್ಲ ಇಬ್ಬರ ಗಂಡಂದಿರ ನಡುವೆ ಮುಗಿಯುತ್ತದೆ. ಅಧ್ಯಕ್ಷರ ಕೊಠಡಿಯಲ್ಲಿ ಅಧ್ಯಕ್ಷರ ಪಕ್ಕದ ಕುರ್ಚಿಯಲ್ಲಿ ಯಜಮಾನರು ಕೂತು ಫೈಲು ತಿರುವುವುದನ್ನು ನಾವು ನೋಡುತ್ತಲೇ ಬಂದಿದ್ದೇವೆ. ಒಬ್ಬ ವಿಧವೆಗೆ, ಗಂಡ ಬಿಟ್ಟು ಹೋದವಳಿಗೆ ಆ ಕೊಠಡಿಗೆ ಕಾಲಿಡಲೇ ಹಿಂಜರಿಕೆ. ನೀವೊಬ್ಬರೇ ಕೂತಿದ್ದರೆ ಅವಳು ಬರುತ್ತಾಳೆ. ಬಚ್ಚಲಿಲ್ಲದ ಮನೆಯಲ್ಲಿ ಬೆಳೆದ ಹೆಣ್ಣುಮಗಳನ್ನು ಇಟ್ಟುಕೊಂಡು ಹೇಗೆ ಬದುಕುತ್ತಿದ್ದೇನೆ ಎಂದು ನಿಮ್ಮ ಮುಂದೆ ಹೇಳುತ್ತಾಳೆ. ಸಹಿ ನಿಮ್ಮದು, ಜವಾಬ್ದಾರಿಯೂ ನಿಮ್ಮದು. ನಾಳೆ ತನಿಖೆಯಾದರೆ ನೋಟಿಸು ಬರುವುದು ನಿಮ್ಮ ಹೆಸರಿಗೆ. ನಿಮಗೆ ಓದಲು ಬರದಿದ್ದರೆ ಪಿಡಿಒ ಅವರಿಂದ ಗಟ್ಟಿಯಾಗಿ ಓದಿಸಿ ಕೇಳಿ, ಅರ್ಥವಾಗದ್ದಕ್ಕೆ ಸಹಿ ಹಾಕಬೇಡಿ. ಅದರಲ್ಲಿ ಅವಮಾನ ಏನೂ ಇಲ್ಲ.

ಅಧಿಕಾರಕ್ಕೆ ಬಂದ ಹೊಸತರಲ್ಲಿ ತೀರ್ಮಾನವನ್ನು ಜನರ ಹತ್ತಿರಕ್ಕೆ ತಂದ ನಾಯಕರು ನಮ್ಮ ನಾಡಿನಲ್ಲೇ ಇದ್ದಾರೆ. ಡಿ. ದೇವರಾಜ ಅರಸು 1972ರ ಮಾರ್ಚ್ 20ರಂದು ಮುಖ್ಯಮಂತ್ರಿಯಾದರು. ಆ ವರ್ಷದ ವಿಧಾನಸಭಾ ಚುನಾವಣೆಯಲ್ಲಿ ಅವರು ಟಿಕೆಟ್ ಕೊಟ್ಟವರಲ್ಲಿ ಅಲ್ಲಿಯವರೆಗೆ ವಿಧಾನಸೌಧದ ಮೆಟ್ಟಿಲು ಹತ್ತದ ಸಣ್ಣ ಸಣ್ಣ ಸಮುದಾಯಗಳವರಿದ್ದರು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯನ್ನು ಉಳುವವನೇ ಒಡೆಯ ಎಂದು ಎಲ್ಲರೂ ನೆನೆಯುತ್ತಾರೆ. ಅದೇ ಕಾನೂನಿನಲ್ಲಿ, ಬೇರೆಯವರ ಜಮೀನಿನಲ್ಲಿ ಗುಡಿಸಲು ಹಾಕಿಕೊಂಡಿದ್ದ ಕೃಷಿ ಕೂಲಿಕಾರರಿಗೆ ಆ ಮನೆಯ ಜಾಗ ಸಿಗಬೇಕು ಎಂಬ ಕಲಮೂ ಇತ್ತು, ಅದು 38ನೇ ಕಲಮು. ಒಡೆಯರಿಗೆ ಎದುರಾಡಿದರೆ ಬೆಳಿಗ್ಗೆ ಗುಡಿಸಲು ಕೀಳಿಸುತ್ತಾರೆ ಎಂಬ ಭಯದಲ್ಲಿ ಬಾಳಿದವರಿಗೆ ಆ ನಾಲ್ಕು ಸಾಲು ಎಷ್ಟು ದೊಡ್ಡದಾಗಿತ್ತು ಎಂದು ಯೋಚಿಸಿ. ಆಗ ನಿವೇಶನಗಳನ್ನೂ ಹಂಚಿದರು. ಜನತಾ ಮನೆ ಎಂಬ ಹೆಸರು ನಮ್ಮ ಹಿರಿಯರ ಬಾಯಲ್ಲಿ ಇವತ್ತಿಗೂ ಇದೆ.

ನನಗೆ ಅದಕ್ಕಿಂತಲೂ ಮುಖ್ಯವೆನಿಸುವುದು ಅರಸು ತೀರ್ಮಾನ ಮಾಡಿಸಿದ ರೀತಿ. ಭೂನ್ಯಾಯ ಮಂಡಳಿಗಳನ್ನು ತಾಲ್ಲೂಕಿಗೆ ತಂದರು. ಉಪವಿಭಾಗಾಧಿಕಾರಿಯ ಜೊತೆ ನಾಲ್ವರು ನಾಮಕರಣ ಸದಸ್ಯರು, ಅವರಲ್ಲಿ ಪರಿಶಿಷ್ಟರೊಬ್ಬರು ಇರಲೇಬೇಕು. ಮುಖ್ಯವಾಗಿ, ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಗೇಣಿದಾರ ಬಂದು ತನ್ನ ಮಾತಿನಲ್ಲಿ ತಾನೇ ಹೇಳಿಕೊಳ್ಳಬೇಕು, ಪಕ್ಕದ ಹೊಲದವನು ಹೌದೋ ಅಲ್ಲವೋ ಎಂದು ಸಾಕ್ಷಿ ನುಡಿಯಬೇಕು. ಅಲ್ಲೂ ತಪ್ಪುಗಳಾದವು, ಪ್ರಭಾವ ನಡೆಯಿತು, ನಿಜ. ಆದರೂ ಬಡವನೊಬ್ಬ ತನ್ನ ಹಕ್ಕನ್ನು ನಾಲ್ಕು ಜನರ ಎದುರು ಬಾಯಿಬಿಟ್ಟು ಕೇಳುವ ಒಂದು ಜಾಗ ಹುಟ್ಟಿತು. ನಮ್ಮ ವಾರ್ಡ್ ಸಭೆಯೂ ಅಂಥ ಜಾಗ ಆಗಬೇಕಿತ್ತು.

ಅರಸು ನಂತರದ ಸರ್ಕಾರಗಳೂ ವಸತಿಯನ್ನು ಕೈಬಿಡಲಿಲ್ಲ. 1990ರ ಅಕ್ಟೋಬರ್‌ನಲ್ಲಿ ಎಸ್. ಬಂಗಾರಪ್ಪ ಮುಖ್ಯಮಂತ್ರಿಯಾದರು, ಅವರ ಕಾಲದಲ್ಲಿ ಆಶ್ರಯ ಯೋಜನೆ ಬಂತು. ಹೆಸರು ಎಷ್ಟು ಬದಲಾದರೂ ನಮ್ಮ ಜನ ಸರ್ಕಾರದ ಮನೆಯನ್ನು ಇವತ್ತೂ ಆಶ್ರಯ ಮನೆ ಎಂದೇ ಕರೆಯುತ್ತಾರೆ. 2000ದಲ್ಲಿ ವಸತಿಗೆಂದೇ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಹುಟ್ಟಿತು. ಮುಂದೆ ದುಡ್ಡು ನೇರವಾಗಿ ಫಲಾನುಭವಿಯ ಖಾತೆಗೆ ಬೀಳತೊಡಗಿತು. ಗುತ್ತಿಗೆದಾರರು ಕಳಪೆ ಮನೆ ಕಟ್ಟಿ ಕೊಟ್ಟು ಹೋಗುವುದು ಕಡಿಮೆಯಾಯಿತು, ಮನೆಯವರೇ ನಿಂತು ಕಟ್ಟಿಸಿಕೊಳ್ಳುವಂತಾಯಿತು. ಇದು ನಿಜವಾದ ಒಳ್ಳೆಯ ಬದಲಾವಣೆ, ಅಲ್ಲಗಳೆಯುವಂತಿಲ್ಲ. ಆದರೆ ತೀರ್ಮಾನ ಮಾತ್ರ ಬೆಂಗಳೂರಿನ ಕಂಪ್ಯೂಟರಿಗೆ ಹೋಯಿತು, ಇಲ್ಲಿ ಉಳಿದದ್ದು ಯಾರ ಹೆಸರು ಕಳಿಸುವುದು ಎಂಬ ಒಂದೇ ಅಧಿಕಾರ. ಆ ಒಂದರ ಮೇಲೇ ಎಲ್ಲರ ಕಣ್ಣು ಬಿತ್ತು. ಶಾಸಕರ ಶಿಫಾರಸು, ಮುಖಂಡರ ಚೀಟಿ, ಅಧ್ಯಕ್ಷರ ಪತ್ರ.

2025ರ ಜೂನ್‌ನಲ್ಲಿ ಆಳಂದದ ಶಾಸಕ ಬಿ.ಆರ್. ಪಾಟೀಲರು, ಆಡಳಿತ ಪಕ್ಷದವರೇ ಆದರೂ, ದುಡ್ಡು ಕೊಟ್ಟವರಿಗೆ ಮಾತ್ರ ಮನೆ ಸಿಗುತ್ತಿದೆ ಎಂದು ದೂರಿದ ಫೋನ್ ಸಂಭಾಷಣೆ ಹೊರಬಿತ್ತು. ವಸತಿ ಸಚಿವರು ಅದನ್ನು ಅಲ್ಲಗಳೆದರು. ಆ ಆರೋಪದ ಸತ್ಯಾಸತ್ಯ ತನಿಖೆಗೆ ಬಿಟ್ಟದ್ದು. ನನ್ನ ಸಂಕಟ ಬೇರೆ. ಆ ಸುದ್ದಿ ಕೇಳಿ ನಮ್ಮ ಊರುಗಳಲ್ಲಿ ಯಾರೂ ಬೆಚ್ಚಿಬೀಳಲಿಲ್ಲ. ‘ಅದ್ರಲ್ಲೇನೈತೆ’ ಎಂದು ಪೇಪರು ಮಡಿಸಿಟ್ಟರು. ಮನೆಗೆ ಇಷ್ಟು ಎಂದು ಕೊಡುವುದನ್ನು ಬಡವರು ಸಿಮೆಂಟಿನ ಖರ್ಚಿನ ಜೊತೆಗೇ ಲೆಕ್ಕ ಹಾಕಿಕೊಳ್ಳುವಷ್ಟು ಅಭ್ಯಾಸವಾಗಿ ಹೋಗಿದೆ. 1.20 ಲಕ್ಷದಲ್ಲಿ ಹೀಗೆ ಕೈಬಿಟ್ಟುಹೋದ ಪ್ರತಿ ಸಾವಿರವೂ ಆ ಮನೆಯ ಗೋಡೆಯಿಂದ, ಕಿಟಕಿಯಿಂದ, ಶೌಚಾಲಯದಿಂದ ಕಡಿಮೆಯಾದದ್ದು. ನಿಮ್ಮಲ್ಲಿ ಯಾರೇ ಅಧ್ಯಕ್ಷರಾಗಲಿ, ಮೊದಲ ಸಭೆಯಲ್ಲೇ ಎದ್ದು ನಿಂತು, ಮನೆಗಾಗಿ ಯಾರೂ ಯಾರಿಗೂ ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ, ಕೇಳಿದವರ ಹೆಸರು ನನಗೆ ಹೇಳಿ ಎಂದು ಊರಿಗೆ ಕೇಳುವಂತೆ ಹೇಳಿ. ಹಾಗೆ ಹೇಳಿದ ಮೇಲೆ ಮಾತು ಮುರಿಯುವುದು ಕಷ್ಟ. ಅದಕ್ಕೇ ಹೇಳಿ ಎನ್ನುತ್ತಿದ್ದೇನೆ.

ಹೊರಗಿನ ಒಂದು ಉದಾಹರಣೆಯೂ ನೆನಪಾಗುತ್ತದೆ. ಶ್ರೀಲಂಕಾದ ರಣಸಿಂಘೆ ಪ್ರೇಮದಾಸ 1978ರಲ್ಲಿ ಪ್ರಧಾನಿಯಾದ ಹೊಸತರಲ್ಲಿ ಒಂದು ಲಕ್ಷ ಮನೆಗಳ ಕಾರ್ಯಕ್ರಮ ಹಿಡಿದರು. ಸರ್ಕಾರವೇ ಕಟ್ಟಿಕೊಡುವ ದಾರಿ ದುಬಾರಿ, ನಿಧಾನ ಎಂದು ಕಂಡ ಮೇಲೆ 1984ರಿಂದ ಹತ್ತು ಲಕ್ಷ ಮನೆಗಳ ಕಾರ್ಯಕ್ರಮದಲ್ಲಿ ಬಡವರಿಗೆ ಸಣ್ಣ ಸಾಲ ಕೊಟ್ಟು, ಹೇಗೆ ಕಟ್ಟಿಕೊಳ್ಳಬೇಕೆಂಬುದನ್ನು ಅವರಿಗೇ ಬಿಟ್ಟರು. ಯಾರಿಗೆ ಚಾವಣಿ ಸಾಕು, ಯಾರಿಗೆ ಹೊಸ ಮನೆಯೇ ಬೇಕು ಎಂಬುದು ಹಳ್ಳಿಯಲ್ಲೇ ಕೂತು ಮಾತಾಡಿ ಗೊತ್ತಾಗಬೇಕಿತ್ತು. 1987ನ್ನು ವಿಶ್ವಸಂಸ್ಥೆ ವಸತಿಹೀನರ ವರ್ಷವೆಂದು ಆಚರಿಸಿದ್ದರ ಹಿಂದೆಯೂ ಅವರ ಒತ್ತಾಯವಿತ್ತು. 1989ರಲ್ಲಿ ಅವರು ಆ ದೇಶದ ಅಧ್ಯಕ್ಷರಾದರು. ಆ ಕೆಲಸದ ಗುಣ ದೊಡ್ಡದು. ಅದರ ದೋಷವೂ ನಮಗೆ ಪರಿಚಿತವೇ. ಎಲ್ಲವೂ ಒಬ್ಬ ವ್ಯಕ್ತಿಯ ಸುತ್ತ ತಿರುಗಿತು, ಅವರ ಗ್ರಾಮೋದಯ ಕಾರ್ಯಕ್ರಮದ ವಾರ್ಷಿಕ ಉತ್ಸವವೇ ಅವರ ಹುಟ್ಟುಹಬ್ಬದ ದಿನಕ್ಕೆ ಬಂದು ನಿಂತಿತು. ನಮ್ಮಲ್ಲೂ ಮನೆ ಕೊಟ್ಟವರ ಹೆಸರು ಉಳಿಯಬೇಕೆಂಬ ಹಂಬಲ ಬಲವಾಗಿದೆ. ಅಧ್ಯಕ್ಷರು ತೆರಿಗೆದಾರರ ದುಡ್ಡನ್ನು ಊರಿನ ತೀರ್ಮಾನದಂತೆ ಕೊಡುತ್ತಾರೆ. ಫಲಾನುಭವಿ ಅವರ ಕಾಲಿಗೆ ಬೀಳುವ ಪರಿಸ್ಥಿತಿ ಬರಕೂಡದು.

ಮನೆಗಿಂತ ಗಟ್ಟಿ ಸಮಸ್ಯೆ ಜಾಗದ್ದು. ಸ್ವಂತ ನಿವೇಶನ ಇದ್ದವರಿಗೆ ಮನೆ. ನಿವೇಶನವೇ ಇಲ್ಲದವರು ಪಟ್ಟಿಗೇ ಬರುವುದಿಲ್ಲ. ತುಮಕೂರು–ಕುಣಿಗಲ್ ರಸ್ತೆಯ ಎರಡೂ ಬದಿಯ ಜಮೀನು ಬೆಂಗಳೂರಿನವರ ಕಣ್ಣಿಗೆ ಬಿದ್ದ ಮೇಲೆ ಕೂಲಿ ಮಾಡುವವರು ಇಲ್ಲಿ ಅರ್ಧ ಸೈಟು ಕೊಳ್ಳುವ ಮಾತೂ ಉಳಿದಿಲ್ಲ. ಊರಿನ ಗೋಮಾಳ, ಖರಾಬು ಎಲ್ಲಿ ಎಷ್ಟು ಉಳಿದಿದೆ, ಎಷ್ಟು ಒತ್ತುವರಿಯಾಗಿದೆ ಎಂದು ತಹಶೀಲ್ದಾರರ ಕಚೇರಿಗೆ ಪತ್ರ ಬರೆದು, ಉತ್ತರ ಬರುವವರೆಗೆ ಹೋಗಿ ಕೂರುವವರು ಯಾರು? ಪಂಚಾಯಿತಿ ಕೇಳದೆ ಆ ಜಾಗ ವಸತಿಗೆ ಬರುವುದಿಲ್ಲ. ಸರ್ಕಾರಿ ಜಾಗದಲ್ಲಿ ಬಹಳ ವರ್ಷದಿಂದ ಮನೆ ಮಾಡಿಕೊಂಡವರಿಗೆ ಭೂಕಂದಾಯ ಕಾಯ್ದೆಯ 94ಸಿ ಅಡಿ ಸಕ್ರಮಕ್ಕೆ ದಾರಿಯಿತ್ತು. ಅರ್ಜಿ ಹಾಕಿ ರಸೀದಿಯನ್ನು ಟ್ರಂಕಿನಲ್ಲಿಟ್ಟುಕೊಂಡು ಕಾಯುತ್ತಿರುವವರನ್ನು ವಾರ್ಡುವಾರು ಕರೆದು ಕೂರಿಸಿ, ಯಾವ ಅರ್ಜಿ ಏನಾಯಿತು ಎಂದು ನಾಡಕಚೇರಿಯಿಂದ ಬರೆಸಿಕೊಂಡು ಬನ್ನಿ. ಹಕ್ಕುಪತ್ರ ಇದ್ದೂ ಇ-ಸ್ವತ್ತಿನಲ್ಲಿ ನಮೂನೆ 9, 11 ಸಿಗದೆ ಮನೆ ತಪ್ಪಿಸಿಕೊಂಡವರೂ ಇದ್ದಾರೆ. ಆ ನಮೂನೆ ಕೊಡುವುದು ನಿಮ್ಮದೇ ಪಂಚಾಯಿತಿ.

ಹಟ್ಟಿಗಳನ್ನು ಮರೆಯಬೇಡಿ. ನಮ್ಮ ಜಿಲ್ಲೆಯಲ್ಲಿ ಗೊಲ್ಲರಹಟ್ಟಿಗಳು ಬಹಳ, ಎಷ್ಟೋ ಹಟ್ಟಿಗಳಿಗೆ ದಾಖಲೆಯೇ ಇರಲಿಲ್ಲ. ತಾಂಡಾ, ಹಟ್ಟಿ, ಹಾಡಿಗಳನ್ನು ಕಂದಾಯ ಗ್ರಾಮ ಮಾಡಿ ಹಕ್ಕುಪತ್ರ ಕೊಡಲು ಭೂಸುಧಾರಣಾ ಕಾಯ್ದೆಗೆ 38ಎ ಕಲಮು ಸೇರಿಸಿದರು. ಅರಸು ಕಾಲದ ಆ 38ರ ಪಕ್ಕದಲ್ಲೇ ಅದು ಬಂದು ಕೂತಿದೆ. 2025ರ ಮೇ 20ರಂದು ಹೊಸಪೇಟೆಯಲ್ಲಿ ಒಂದು ಲಕ್ಷಕ್ಕೂ ಮೀರಿ ಇಂಥ ಹಕ್ಕುಪತ್ರ ಹಂಚಿದರು. ನಿಮ್ಮ ಪಂಚಾಯಿತಿಯ ಹಟ್ಟಿಗಳಲ್ಲಿ ಎಷ್ಟು ಮನೆಗೆ ಆ ಪತ್ರ ತಲುಪಿದೆ ಎಂದು ಎಣಿಸಿ.

ಹಟ್ಟಿಯ ಇನ್ನೊಂದು ಸಂಗತಿ ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯಬೇಕು. 2023ರ ಜುಲೈನಲ್ಲಿ ನಮ್ಮದೇ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಸೂತಕವೆಂದು ಬಾಣಂತಿಯನ್ನೂ ಹಸುಗೂಸನ್ನೂ ಊರ ಹೊರಗೆ ಗುಡಿಸಲಿನಲ್ಲಿ ಇಟ್ಟರು. ಮಳೆ, ಶೀತದಲ್ಲಿ ಆ ಮಗು ಸತ್ತಿತು. ಆಮೇಲೆ ನ್ಯಾಯಾಧೀಶರು, ಅಧಿಕಾರಿಗಳು ಹಟ್ಟಿಗೆ ಹೋದರು. ಮನೆ ಮಂಜೂರಾಗಿ, ಹೆಂಗಸಿನ ಹೆಸರಿನಲ್ಲೇ ಖಾತೆಯಾಗಿ, ಹೆರಿಗೆಯಾದ ದಿನ ಅವಳಿಗೇ ಆ ಮನೆಯಲ್ಲಿ ಜಾಗವಿಲ್ಲ ಎಂದರೆ ನಾವು ಕಟ್ಟಿದ್ದು ಏನು? ಇದು ನ್ಯಾಯಾಧೀಶರು ಬರುವವರೆಗೆ ಕಾಯುವ ವಿಷಯವಲ್ಲ. ಆ ವಾರ್ಡಿನ ಸದಸ್ಯರಿಗೆ ಯಾವ ಮನೆಯಲ್ಲಿ ಬಸುರಿ ಇದ್ದಾಳೆ ಎಂದು ಆಶಾ ಕಾರ್ಯಕರ್ತೆಯಷ್ಟೇ ಚೆನ್ನಾಗಿ ಗೊತ್ತಿರುತ್ತದೆ. ಹಟ್ಟಿಯ ಹಿರಿಯರ ಜೊತೆ, ಅವರಿಗೆ ನೋವಾಗದಂತೆ, ಆದರೆ ಬಿಡದೆ ಮಾತಾಡುವ ಕೆಲಸ ಅಧ್ಯಕ್ಷರದು.

ಇನ್ನು ಸಭೆಯ ವಿಚಾರಕ್ಕೆ ಬರುತ್ತೇನೆ. ಹಗಲು ಹನ್ನೊಂದು ಗಂಟೆಗೆ ಪಂಚಾಯಿತಿ ಕಚೇರಿಯಲ್ಲಿ ಸಭೆ ಕರೆದರೆ ಬರುವವರು ಕೆಲಸವಿಲ್ಲದವರು, ಇಲ್ಲವೇ ಮುಖಂಡರು. ಕೂಲಿಗೆ ಹೋದವಳು ಹೇಗೆ ಬರಬೇಕು? ಸಂಜೆ ದನ ಕಟ್ಟಿ, ಡೇರಿಗೆ ಹಾಲು ಹಾಕಿದ ಮೇಲೆ ಕರೆಯಿರಿ. ಊರೊಳಗೆ ಎಲ್ಲ ಜಾತಿಯವರೂ ಕಾಲಿಡಬಹುದಾದ ಜಾಗದಲ್ಲಿ ಕರೆಯಿರಿ: ಶಾಲೆಯ ಅಂಗಳ, ಅಂಗನವಾಡಿಯ ಮುಂದೆ. ದೇವಸ್ಥಾನದ ಜಗಲಿ ಬೇಡ, ಅಲ್ಲಿ ಎಲ್ಲರೂ ಒಂದೇ ಸಮ ಕೂರಲು ಇನ್ನೂ ಆಗುತ್ತಿಲ್ಲ ಎಂಬುದು ನಿಮಗೂ ಗೊತ್ತು. ಅರ್ಜಿ ಹಾಕಿದ ಎಲ್ಲರ ಹೆಸರನ್ನೂ ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿಸಿ. ಈಗಿರುವ ಮನೆ ಯಾವುದು, ಗುಡಿಸಲೋ, ಶೀಟೋ, ನಾಡಹೆಂಚೋ. ಮನೆಯಲ್ಲಿ ಎಷ್ಟು ಜನ. ಅಂಗವಿಕಲರು, ಒಂಟಿ ಹೆಂಗಸರು ಇದ್ದಾರೆಯೇ. ಹಿಂದೆ ಯಾವ ಯೋಜನೆಯಲ್ಲಾದರೂ ಮನೆ ಆಗಿದೆಯೇ. ಇಷ್ಟನ್ನು ಓದಿದರೆ ಯಾರಿಗೆ ಮೊದಲು ಕೊಡಬೇಕೆಂದು ಊರೇ ಹೇಳುತ್ತದೆ. ಜಗಳ ಆಗುತ್ತದೆ. ಆಗಲಿ. ಸಭೆಯಲ್ಲಿ ಆದ ಜಗಳ ಅಲ್ಲೇ ಒಂದು ತೀರ್ಮಾನಕ್ಕೆ ಬರುತ್ತದೆ, ಮುಚ್ಚಿ ಮಾಡಿದ ಪಟ್ಟಿಯ ಜಗಳ ಮಕ್ಕಳ ಕಾಲಕ್ಕೂ ಮುಗಿಯುವುದಿಲ್ಲ.

ಹೆಸರು ಬಾರದವರಿಗೆ ಯಾಕೆ ಬರಲಿಲ್ಲ ಎಂದು ಅವರ ಮುಖ ನೋಡಿ ಹೇಳಿ. ಮುಂದಿನ ಸಲ ಎಷ್ಟನೆಯವರು ಎಂದೂ ಹೇಳಿ. ಆ ಕ್ರಮಸಂಖ್ಯೆಯನ್ನು ನಡವಳಿ ಪುಸ್ತಕದಲ್ಲಿ ಬರೆಸಿ, ಮುಂದಿನ ಅಧ್ಯಕ್ಷರೂ ಅದನ್ನೇ ಹಿಡಿದು ಹೋಗುವಂತೆ ಮಾಡಿ. ಪಟ್ಟಿಯನ್ನು ಪಂಚಾಯಿತಿ ಗೋಡೆಗೆ ಅಂಟಿಸಿದರೆ ಸಾಲದು. ಹಟ್ಟಿಯಲ್ಲೂ ಕಾಲೊನಿಯಲ್ಲೂ ಒಂದೊಂದು ಪ್ರತಿ ಅಂಟಿಸಿ, ಮಳೆಗೆ ಹರಿದರೆ ಮತ್ತೆ ಅಂಟಿಸಿ.

ಇಷ್ಟನ್ನೂ ಮಾಡಲು ಮೇಲಿನಿಂದ ಯಾವ ಆದೇಶವೂ ಬೇಕಿಲ್ಲ, ಒಂದು ರೂಪಾಯಿ ಅನುದಾನವೂ ಬೇಕಿಲ್ಲ. ನೀವು ಮಾಡಿದರೆ ಮುಖಂಡರಿಗೆ ಸಿಟ್ಟು ಬರಬಹುದು, ನಿಮ್ಮನ್ನು ಗೆಲ್ಲಿಸಿದವರೇ ಮುನಿಸಿಕೊಳ್ಳಬಹುದು, ಅವಿಶ್ವಾಸದ ಮಾತೂ ಏಳಬಹುದು. ಆ ದಿನ ನಿಮ್ಮ ಪರವಾಗಿ ನಿಲ್ಲಬೇಕಾದವರು ನಾವು. ಈ ಪತ್ರ ಬರೆಯುವಾಗ ಆ ಹೊಣೆಯನ್ನೂ ಒಪ್ಪಿಕೊಂಡೇ ಬರೆಯುತ್ತಿದ್ದೇನೆ.

ಮೊದಲ ವಾರ್ಡ್ ಸಭೆಯ ದಿನ ಗೊತ್ತಾದ ಕೂಡಲೇ ಊರಿನಲ್ಲಿ ತಮಟೆ ಹೊಡೆಸಿ, ಕಸದ ಗಾಡಿಯ ಮೈಕಿನಲ್ಲೂ ಹೇಳಿಸಿ. ರಾಗಿ ಕೊಯ್ಲಿನ ವಾರ ಬೇಡ, ಸಂತೆಯ ದಿನವೂ ಬೇಡ. ನಾವು ಬರುತ್ತೇವೆ, ಅರ್ಧಕ್ಕೆ ನಿಂತ ಮನೆಯವರನ್ನೂ ಕರೆದುಕೊಂಡು ಬರುತ್ತೇವೆ. ಅವರ ಕಂತಿನ ವಿವರವನ್ನು ಪಿಡಿಒ ಅವರು ತೆಗೆದಿಟ್ಟಿರಲಿ.

ಇಂತಿ,
ಹೆಬ್ಬೂರು ಹೋಬಳಿಯ ಒಬ್ಬ ಮತದಾರ